ನಮಸ್ಕಾರವಿಲ್ಲದ ಆರ್ಡರುಗಳು

ಕಳೆದ ಮಳೆಗಾಲದ ಕೊನೆಯ ವಾರಗಳಲ್ಲಿ ಇವು ನಡೆದವು. ಕೇರಳ ಗಡಿಯ ಮುತ್ತಂಗದ ಚೆಕ್‌ಪೋಸ್ಟಿನ ಬಳಿ ಚಾಯದ ಅಂಗಡಿ ಇಟ್ಟ ನನ್ನಂಥವರಿಗೆ ಇಂಥವು ಹೊಸತಲ್ಲ. ಬಸ್ಸುಗಳು ನಿಲ್ಲುವಷ್ಟು ಕಾಲ ನಡೆಯುತ್ತಲೇ ಇರುತ್ತವೆ.

೧. ಪೆಟ್ಟಿಗೆ

ನನ್ನ ತಂಗಿಯ ಮಗಳು ಕಂಪ್ಯೂಟರ್ ಓದಿದವಳು. ಬಸ್ಸು ತಲುಪುವ ಮೊದಲೇ ಪ್ರಯಾಣಿಕರ ಫೋನಿನಿಂದ ಪಾನೀಯಗಳ ಆರ್ಡರು ಪಡೆದು ನಮ್ಮ ಅಡುಗೆಕೋಣೆಗೆ ಮುಟ್ಟಿಸುವ ಎಪಿಐ ಎಂಬ ಪ್ರೋಗ್ರಾಂ ಒಂದನ್ನು ಕಟ್ಟಿದಳು. ಅದು ನನ್ನ ಅಂಗಡಿಯಲ್ಲಿ ಸರಿಯಾಗಿ ನಡೆದರೆ, ಬತ್ತೇರಿಯಲ್ಲಿ ಹಲವು ಅಂಗಡಿಗಳಿರುವ ವರ್ತಕರೊಬ್ಬರು ಕೊಳ್ಳುವವರಿದ್ದರು. ಅವಳಿಗೆ ಅದು ಮೊದಲ ಕೆಲಸ.

"ಎಲ್ಲವನ್ನೂ ಒಂದೇ ಕಂಟೇನರಿನಲ್ಲಿ ಇಟ್ಟಿದ್ದೇನೆ, ದೊಡ್ಡಮ್ಮ. ಪೆಟ್ಟಿಗೆ ಅಂದುಕೊಳ್ಳಿ. ಎಲ್ಲಿಗೆ ಒಯ್ದರೂ ಇಲ್ಲಿ ನಡೆದ ಹಾಗೇ ನಡೆಯುತ್ತೆ."

"ಕಾನ್ವೆಂಟಿನ ಸಿಸ್ಟರುಗಳು ನಮ್ಮನ್ನೂ ಹಾಗೆಯೇ ಬೆಳೆಸಿದರು," ಎಂದೆ.

೨. ಮೊದಲ ಆರ್ಡರು

"ಚಾಯ ಎರಡು, ಸಕ್ಕರೆ ಕಡಿಮೆ, ಬೇಗ" ಎಂದು ಬಂತು. ನಾನು ತಿರಸ್ಕರಿಸಿದೆ. ಬಸ್ಸು ಬಂದಿತು, ಕೂಗಾಡಿತು, ಹೋಯಿತು.

"ಯಾಕೆ ದೊಡ್ಡಮ್ಮ?"

"ನಮಸ್ಕಾರ ಹೇಳದೆ ಕೇಳಿದರು."

"ಅದು ಬರೀ ಆರ್ಡರು! ಮನುಷ್ಯರಲ್ಲ!"

"ಮತ್ತೆ ಚಾಯ ಕುಡಿಯುವವರು ಯಾರು?"

೩. ನಿಯಮ

ಜಗಳ ಬೇಡವೆಂದು ಅವಳೇ ನಿಯಮವೊಂದನ್ನು ಬರೆದಳು: ಆರ್ಡರಿನೊಂದಿಗೆ ನಮಸ್ಕಾರ ಬರದಿದ್ದರೆ ಪ್ರೋಗ್ರಾಂ ಅದನ್ನು ಹಿಂದಿರುಗಿಸಿ, "ಮೊದಲು ನಮಸ್ಕಾರ ಹೇಳಿ" ಎನ್ನುವುದು. ಎದುರಿಗೆ ಮುಖ ಕಾಣದಾಗ ಮಾತು ಎಷ್ಟು ಬೇಗ ಒರಟಾಗುತ್ತದೆಂದು ಆ ದಿನಗಳಲ್ಲಿ ಬಹಳ ಯೋಚಿಸಿದೆ.

ಆರ್ಡರು ಮತ್ತೆ ಮತ್ತೆ ಹಿಂದಿರುಗಿ ಬಂದ ಪ್ರಯಾಣಿಕನೊಬ್ಬ ಬರೆದ: "ನಮಸ್ಕಾರ. ನಿಮಗೆ, ನಿಮ್ಮ ಮನೆಯವರಿಗೆ, ನಿಮ್ಮ ಬೆಕ್ಕಿಗೆ. ಇನ್ನಾದರೂ ಒಂದು ಸುಲೈಮಾನಿ ಕೊಡಿ."

ನಿಂಬೆ ಹಿಂಡಿ ಸುಲೈಮಾನಿ ಚಾಯ ಕೊಟ್ಟೆ. ಬೆಕ್ಕು ಸಾಕಿಲ್ಲವೆಂದೂ ತಿಳಿಸಿದೆ.

೪. ವರ್ತಕರು

ವರ್ತಕರು ನೋಡಲು ಬಂದರು. ಒಳಗೆ ಕಾಲಿಟ್ಟವರೇ ಚಿಟಿಕೆ ಹೊಡೆದು, "ಒಂದು ಕಟ್ಟನ್!" ಎಂದು ಹಾಲಿಲ್ಲದ ಚಾಯ ಕೇಳಿದರು.

"ಒಳಗೆ ಬಂದವರು ಮೊದಲು ಏನು ಹೇಳಬೇಕು?"

ಅವರ ಹಿಂದೆ ನಿಂತಿದ್ದ ನಮ್ಮ ಹುಡುಗಿಯ ಮುಖ ಬಿಳಿಚಿತು. ವರ್ತಕರು ಕೈ ಜೋಡಿಸಿದರು. "ನಮಸ್ಕಾರಂ, ಅಮ್ಮ."

ಕಟ್ಟನ್ ಚಾಯ ಕುಡಿದು ಏಳುವಾಗ ಅವಳನ್ನು ಮಗಳೆಂದು ಕರೆದು ಮೆಲ್ಲನೆ ಹೇಳಿದರು: "ಪ್ರೋಗ್ರಾಂ ಚೆನ್ನಾಗಿದೆ, ಮೋಳೆ. ಆದರೆ ಪರೀಕ್ಷೆ ನಾಳೆ ನನ್ನ ಅಂಗಡಿಯಲ್ಲೇ ಆಗಲಿ. ಅಲ್ಲಿ ನನಗೆ ಸ್ವಲ್ಪ ಧೈರ್ಯ."

೫. ಬತ್ತೇರಿ

"ನೀವು ಜೀಪಿನಲ್ಲೇ ಇರಿ, ದೊಡ್ಡಮ್ಮ. ದಯವಿಟ್ಟು."

ದಯವಿಟ್ಟು ಎಂದದ್ದರಿಂದ ಒಪ್ಪಿದೆ.

ಗಡಿಬಿಡಿಯಲ್ಲಿ ಅವಳು ನಮ್ಮ ಕಂಟೇನರನ್ನೇ, ಏನೂ ಬದಲಿಸದೆ, ಅಲ್ಲಿಯ ಕಂಪ್ಯೂಟರಿಗೆ ಹಾಕಿದಳು. ವರ್ತಕರು ತಮ್ಮದೇ ಅಂಗಡಿಯಲ್ಲಿ, ತಮ್ಮದೇ ಕುರ್ಚಿಯಲ್ಲಿ ಕುಳಿತು ಫೋನಿನಲ್ಲಿ ಕಟ್ಟನ್ ಕೇಳಿದರು.

"ಮೊದಲು ನಮಸ್ಕಾರ ಹೇಳಿ."

ಅವರು ಎದ್ದು ನಿಂತರು. ಬಾಗಿಲ ಹಿಂದೆ ಇಣುಕಿದರು.

"ಅವರು ಇಲ್ಲಿಗೂ ಬಂದಿದ್ದಾರಾ?"

"ಪೆಟ್ಟಿಗೆಯೊಳಗಿದ್ದಾರೆ, ಸಾರ್," ಎಂದಳು ಹುಡುಗಿ, ಅಳುವ ದನಿಯಲ್ಲಿ. "ಈಗಲೇ ತೆಗೆದುಬಿಡ್ತೇನೆ."

ವರ್ತಕರು ಯೋಚಿಸಿದರು. ಕುಳಿತು ನಮಸ್ಕಾರ ಬರೆದರು. ಚಾಯ ಬಂತು.

"ತೆಗೆಯೋದು ಬೇಡ. ನಾನೊಬ್ಬನೇ ಯಾಕೆ ಹೇಳಬೇಕು? ನನ್ನ ಎಲ್ಲಾ ಅಂಗಡಿಗೂ ಹಾಕು."

ಹಾಜರಿದ್ದವರು: ವರ್ತಕ ಮಾದಪ್ಪ, ತಂಗಿಯ ಮಗಳು ಸುಮಿತ್ರ, ಚಾಯ ಹಾಕಿದ ವಾಸು; ಮತ್ತು ಬಾಗಿಲೆದುರಿನ ಜೀಪಿನಲ್ಲಿ, ಗಾಜು ಇಳಿಸಿಕೊಂಡು, ನಾನು.