ರಿಯಾಕ್ಟರಿಗೆ ಕುಂಕುಮವಿಟ್ಟ ದಿನ

ಮಾಲೂರಿನ ಒಂದು ಔಷಧಿ ಕಾರ್ಖಾನೆಯಲ್ಲಿ ನಾನು ಹೊಸ ರಿಯಾಕ್ಟರಿನ ಆಪರೇಟರ್. ಕೆಲಸ ಕಾಯಂ ಆಗಲು ಒಂದೇ ವಾರ ಬಾಕಿ. ಈ ರಿಯಾಕ್ಟರಿನಲ್ಲಿ ರಾಸಾಯನಿಕ ಕರಗಿಸಲು ಗಬ್ಬುನಾತದ ದ್ರಾವಕ ಬೇಡ. ಸೋಡಾದಲ್ಲಿರುವ ಇಂಗಾಲದ ಡೈಆಕ್ಸೈಡೇ ಸಾಕು. ಅದನ್ನು ಜೋರಾಗಿ ಒತ್ತಿ, ಸ್ವಲ್ಪ ಬಿಸಿ ಮಾಡಬೇಕು. ಆಮೇಲೆ ಏನಾಗುತ್ತದೆಂದು ಇಂಜಿನಿಯರ್ ಮೇಡಂ ಒಂದು ಗಂಟೆ ಪಾಠ ಮಾಡಿದರು. ನಾನೂ ಒಂದು ಗಂಟೆ ತಲೆಯಾಡಿಸಿದೆ. ಥೇಟ್ ಅರ್ಥವಾದವನ ಹಾಗೆ!

ಆಯುಧಪೂಜೆಯ ದಿನ ಮನೆಯವರಿಗೂ ಕರೆಯಿತ್ತು. ಎಲ್ಲ ಮೆಷಿನ್ನುಗಳನ್ನೂ ನಿಲ್ಲಿಸಿ ಬೊಟ್ಟಿಟ್ಟಿದ್ದರು. ನನ್ನದು ಮಾತ್ರ ಅರ್ಧಕ್ಕೆ ನಿಲ್ಲಿಸುವಂತಿರಲಿಲ್ಲ. ಹೆಂಡತಿ ರತ್ನ ಬಾಗಿಲಲ್ಲೇ ನಿಂತು ಕುಂಕುಮದ ಬಟ್ಟಲು ಚಾಚಿದಳು.

"ಹಬ್ಬದ ದಿನ ಹಂಗೇ ಬಿಡ್ಬಾರ್ದು ಕಣ್ರೀ, ಒಂದು ಬೊಟ್ಟಿಡಿ."

ರಿಯಾಕ್ಟರಿಗೆ ಹಣೆ ಯಾವುದು? ಒಳಗಿನದನ್ನು ನೋಡುವ ದಪ್ಪ ಗಾಜಿನ ಕಿಟಕಿಯೇ ಇರಬೇಕು! ಅದರ ಮೇಲ್ತುದಿಗೆ ಶ್ರದ್ಧಾಭಕ್ತಿಯಿಂದ ಇಟ್ಟೆ.

ಹತ್ತು ನಿಮಿಷ ಕಳೆದಿರಬೇಕು. ಗಾಜಿನೊಳಗೆ ಕೆಳಗಿನ ದ್ರವಕ್ಕೂ ಮೇಲಿನ ಅನಿಲಕ್ಕೂ ನಡುವೆ ಕಾಣುತ್ತಿದ್ದ ಗೆರೆ ಮಸುಕಾಯಿತು. ಮಂಜು ಕವಿಯಿತು. ಮಂಜು ಕೆಂಪಗಾಯಿತು! ಗೆರೆಯೇ ಮಾಯ!

ಕುಂಕುಮ ಒಳಗಿಳಿದಿದೆ! ಅಂದರೆ ಗಾಜು ಬಿರುಕು ಬಿಟ್ಟಿದೆ! ಒಳಗಿರುವುದು ಲಾರಿ ಟೈರಿಗಿಂತ ಎಷ್ಟೋ ಪಟ್ಟು ಒತ್ತಡ. ಇವತ್ತು ಸತ್ತೆ ಅಂದುಕೊಂಡೆ, ನಿಜವಾಗಿಯೂ ಅಂದುಕೊಂಡೆ. ಒತ್ತಡ ಬಿಡುವ ಗುಂಡಿ ಒತ್ತಿದೆ. ಚಾವಣಿಯ ಕೊಳವೆ ಭೋರೆಂದು ಬಿಳಿ ಹೊಗೆ ಕಾರಿತು. "ಓಡ್ರೋ!" ಎಂದು ಕಿರುಚುತ್ತಾ ನಾನೇ ಮೊದಲು ಓಡಿದೆ.

ಗೇಟಿನ ಹೊರಗೆ ಎಲ್ಲರೂ ಕಡ್ಲೆಪುರಿ ಹಿಡಿದು ನಿಂತೆವು. ಮುಳಬಾಗಿಲು ಕಡೆಯ ವಾಚ್‌ಮನ್ "ದೇವುಡಾ, ದೇವುಡಾ" ಅನ್ನುತ್ತಿದ್ದ. ಒಳಗೆ ಹೋಗಿ ನೋಡಿ ಬಂದ ಮೇಡಂ ನನ್ನನ್ನೇ ಹುಡುಕಿದರು.

"ಯಾಕ್ರೀ ಒತ್ತಡ ಬಿಟ್ರಿ?"

"ಕುಂಕುಮ ಒಳಗೋಯ್ತು ಮೇಡಂ! ಕೆಂಪಗಾಯ್ತು, ಗೆರೆ ಹೋಯ್ತು!"

"ಹೋಗ್ಲೇಬೇಕು ಕಣ್ರೀ! ಆ ಹದ ಮುಟ್ಟಿದ್ಮೇಲೆ ಅದು ದ್ರವಾನೂ ಅಲ್ಲ, ಅನಿಲಾನೂ ಅಲ್ಲ. ಮುಟ್ಟೋವಾಗ ಹಂಗೇ ಕೆಂಪು ಮಂಜು ಕವಿಯುತ್ತೆ. ಪಾಠದಲ್ಲಿ ಇದನ್ನೇ ಅಲ್ವಾ ಹೇಳಿದ್ದು?"

ಕುಂಕುಮ ಹೊರಗಡೆ, ಇಟ್ಟ ಜಾಗದಲ್ಲೇ ತಣ್ಣಗೆ ಕೂತಿತ್ತು. ಒತ್ತಡ ಇಳಿದದ್ದೇ ಕರಗಿದ್ದೆಲ್ಲ ಪುಡಿಯಾಗಿ ಉದುರಿ ಇಡೀ ಬ್ಯಾಚ್ ಹಾಳಾಗಿತ್ತು. ನನ್ನ ಕಾಯಮಾತಿ ಆರು ತಿಂಗಳು ಮುಂದಕ್ಕೆ ಹೋಯಿತು.

ಊರಿಗೆ ಮರಳುವಾಗ ಕೋಲಾರದಲ್ಲಿ ಬಸ್ ಬದಲಿಸುತ್ತಾ ರತ್ನ ಕೇಳಿದಳು.

"ಕೆಲಸ ಹಾಳಾಗ್ಲಿ ಬಿಡಿ. ಬಾಗಿಲಲ್ಲಿ ನಾನು ನಿಂತಿದ್ದೆ. ಓಡೋವಾಗ ನನ್ನ ನೋಡಿದ್ರಾ, ಇಲ್ವಾ?"

"ನೋಡ್ದೆ ಕಣೇ! ಅಡ್ಡ ನಿಂತಿದ್ದೆಯಲ್ಲ, ಅದಕ್ಕೇ ಪಕ್ಕಕ್ಕೆ ತಳ್ಳಿದ್ದು."

ಸುಗಟೂರಿನ ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿಯೇ ಇತ್ತು. ಕೂರಲು ಧೈರ್ಯ ಸಾಲದೆ ಊರಿನವರೆಗೂ ನಿಂತೇ ಬಂದೆ.