ಸೋಯಾ ಹಾಲು, ಹಸುವಿನ ಮೂಲಕ

ನನ್ನನ್ನು ಮೂರು ವಾರಗಳ ಕಾಲ ಏಮಾರಿಸಿದವರು ಇಬ್ಬರು: ನನ್ನ ಗಂಡ ಮತ್ತು ನನ್ನ ನಾದಿನಿ. ಪಕ್ಕದ ಗಲ್ಲಿಯ ಹಸುವೂ ಈ ಪಿತೂರಿಯಲ್ಲಿತ್ತು. ಆದರೆ ಅದು ಕೊನೆಗೆ ತುಂಬಿದ ಸಭೆಗೆ ಬಂದು ನಿಜ ಹೇಳಿತು. ಮನುಷ್ಯರಿಬ್ಬರಿಂದ ಅಷ್ಟೂ ಆಗಲಿಲ್ಲ.

ನಾನು ಕಾಲೇಜಿನಲ್ಲಿ ಜೀವರಸಾಯನ ಶಾಸ್ತ್ರ ಕಲಿಸಿ ನಿವೃತ್ತಳಾದವಳು. ನಾನು ಪರೀಕ್ಷಾ ಕೊಠಡಿಗೆ ಕಾಲಿಟ್ಟರೆ ಹೆದರಿ ಫ್ಯಾನು ಕೂಡ ನಿಲ್ಲುತ್ತಿತ್ತು ಎಂದು ವಿದ್ಯಾರ್ಥಿಗಳು ಹೇಳಿಕೊಳ್ಳುತ್ತಿದ್ದರಂತೆ. ಅದು ಉತ್ಪ್ರೇಕ್ಷೆ. ಫ್ಯಾನು ಮೊದಲೇ ಕೆಟ್ಟಿತ್ತು.

ನಮ್ಮ ಬಡಾವಣೆಯಲ್ಲಿ ಒಂದು ಹಿರಿಯರ ಸಂಘವಿದೆ. ಪ್ರತಿ ತಿಂಗಳೂ ಅಲ್ಲಿ ಒಂದು ಉಪನ್ಯಾಸ. ಉಪನ್ಯಾಸ ಕೊಡುವವಳು ಸಾಮಾನ್ಯವಾಗಿ ನಾನೇ. ಎಲ್ಲರೂ ಶಾಂತವಾಗಿ ಕೇಳುತ್ತಾರೆ (ಕೆಲವರು ಕಣ್ಣು ಮುಚ್ಚಿ ಕೇಳುತ್ತಾರೆ, ಅದನ್ನು ನಾನು ಏಕಾಗ್ರತೆ ಎಂದೇ ಪರಿಗಣಿಸಿದ್ದೇನೆ). ಎದ್ದು ನಿಲ್ಲುವವರು ಒಬ್ಬರೇ, ಭೌತಶಾಸ್ತ್ರ ಕಲಿಸುತ್ತಿದ್ದ ಒಬ್ಬ ನಿವೃತ್ತ ಮೇಷ್ಟ್ರು. ಮೊಸರಿನಲ್ಲಿ ಕಲ್ಲು ಹುಡುಕುವುದೇ ಅವರ ಸಂಶೋಧನೆ. ಅವರ ಪ್ರತಿ ಮಾತೂ ‘ಆದರೆ’ ಎಂದೇ ಶುರುವಾಗುವುದರಿಂದ ಇಡೀ ಬಡಾವಣೆಗೆ ಅವರು ‘ಆದರೆ ಮೇಷ್ಟ್ರು’.

ಆ ತಿಂಗಳು ನಾನು ಹಾಲಿನ ವಿಷಯ ಎತ್ತಿಕೊಂಡಿದ್ದೆ. "ಹಸುವಿನ ಹಾಲು ಕರುವಿನ ಹಕ್ಕು. ಅದನ್ನು ಕಸಿದು ಕಾಫಿಗೆ ಸುರಿದುಕೊಳ್ಳುವುದು ಸುಸಂಸ್ಕೃತ ಕಳ್ಳತನ. ಸೋಯಾ ಹಾಲಿನಲ್ಲಿ ಪ್ರೋಟೀನು ಇದೆ, ಕಳ್ಳತನ ಇಲ್ಲ" ಎಂದು ಮುಗಿಸಿದೆ.

"ಆದರೆ," ಮೇಷ್ಟ್ರು ಎದ್ದರು, "ಬೆಳ್ಳಗಿರೋದೆಲ್ಲ ಹಾಲಲ್ಲ ಮೇಡಂ. ನಿಮ್ಮ ಮನೇಲೇ ಅದನ್ನ ಯಾರಾದ್ರೂ ಕುಡೀತಾರಾ?"

"ನಾಳೆಯಿಂದ ಎಲ್ಲರೂ ಕುಡೀತಾರೆ. ಒಂದು ತಿಂಗಳು ನಮ್ಮ ಮನೆಯವರು ಹಸುವಿನ ಹಾಲಿನ ತೊಟ್ಟನ್ನೂ ಮುಟ್ಟೋದಿಲ್ಲ. ಮುಂದಿನ ಸಭೆಗೆ ಅವರನ್ನೇ ತಂದು ನಿಲ್ಲಿಸ್ತೀನಿ. ನಾನು ಸೋತರೆ ಈ ವೇದಿಕೆ ಇನ್ನು ಮೇಲೆ ನಿಮ್ಮದು. ನಾನು ಕೆಳಗೆ ಕೂತು ಕೇಳ್ತೀನಿ."

ಏಕಾಗ್ರತೆಯಲ್ಲಿದ್ದವರೆಲ್ಲ ಕಣ್ಣು ಬಿಟ್ಟರು. ಮೂರನೇ ಸಾಲಿನಲ್ಲಿದ್ದ ನನ್ನ ಗಂಡನ ಮುಖ, ತನ್ನನ್ನು ಕೇಳದೆ ತನ್ನ ಜಮೀನನ್ನು ಹರಾಜಿಗಿಟ್ಟದ್ದನ್ನು ನೋಡುವವನ ಮುಖದಂತಾಯಿತು. ನಾನು ಅದನ್ನು ಲೆಕ್ಕಿಸಲಿಲ್ಲ. ವೇದಿಕೆ ಕಳೆದುಕೊಂಡ ಪ್ರಾಧ್ಯಾಪಕಿ ಎಂದರೆ ನೀರು ನಿಂತ ನಲ್ಲಿ. ಆಮೇಲೆ ಬರುವುದು ಬರೀ ಸದ್ದು. ಅಂಥ ಸ್ಥಿತಿಗೆ ಇಳಿಯುವವಳು ನಾನಲ್ಲ.

ಮರುದಿನ ಬೆಳಿಗ್ಗೆ ಹಾಲಿನಾಕೆಗೆ ಬಾಗಿಲಲ್ಲೇ ಹೇಳಿದೆ, ಇನ್ನು ಹಾಲು ಬೇಡ ಎಂದು. ಆಕೆಯ ಕೊಟ್ಟಿಗೆ ಇರುವುದು ಪಕ್ಕದ ಗಲ್ಲಿಯಲ್ಲಿ. ಒಂದು ಹಸು, ಒಂದು ಕರು.

"ಯಾಕೆ ಮೇಡಮ್ಮ, ನನ್ನ ಹಸು ಏನು ತಪ್ಪು ಮಾಡ್ತು?"

"ತಪ್ಪು ಹಸುವಿನದಲ್ಲ, ನಮ್ಮದು. ಆ ಹಾಲು ನಿನ್ನ ಕರುವಿಗೆ ಸೇರಬೇಕಾದ್ದು."

"ಅಯ್ಯೋ, ಅದಕ್ಕೆ ಅಷ್ಟೊಂದು ಕುಡಿಸಿದ್ರೆ ಭೇದಿ ಆಗುತ್ತಮ್ಮ!" ಎಂದು ಗೊಣಗುತ್ತಾ ಹೋದಳು. ವೈಚಾರಿಕ ಚರ್ಚೆಗೆ ಎಲ್ಲರೂ ಸಿದ್ಧರಿರುವುದಿಲ್ಲ.

ನಾನು ರಾತ್ರಿಯೇ ಸೋಯಾ ಕಾಳು ನೆನೆಹಾಕಿದ್ದೆ. ಬೆಳಿಗ್ಗೆ ಸಿಪ್ಪೆ ತಿಕ್ಕಿ ತೆಗೆದು, ಮಿಕ್ಸಿಯಲ್ಲಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಕುದಿಸಿದೆ. ನಮ್ಮ ಜೊತೆಯಲ್ಲೇ ಇರುವ ನಾದಿನಿ ಬಟ್ಟೆ ಹೊಲಿಯುವವಳು. ಹಿಂಡಲು ಎಂದು ಎರಡು ಹೊಲಿಗೆ ಹಾಕಿದ ಗಟ್ಟಿ ಚೀಲವನ್ನೇ ಹೊಲಿದು ಕೊಟ್ಟಳು. ಅಡುಗೆಮನೆಯಲ್ಲಿ ಒಂದು ವಾಸನೆ ಎದ್ದಿತು. ಮಳೆಯಲ್ಲಿ ನೆನೆದ ರಟ್ಟಿನ ಡಬ್ಬದೊಳಗೆ ಯಾರೋ ಹಸಿ ಅವರೆಕಾಳು ಬಚ್ಚಿಟ್ಟು ಮರೆತಂತೆ. ಕುದಿಸಿದರೆ ಹೋಗುತ್ತದೆ ಎಂದೆ. ಕುದಿಸಿದ ಮೇಲೆ ಅದು ಅಡುಗೆಮನೆಯಿಂದ ಹೋಯಿತು, ನಿಜ, ನಡುಮನೆಗೆ ಹೋಯಿತು.

ಮೊದಲ ದಿನದ ಕಾಫಿ ಒಡೆಯಿತು. ನನ್ನ ಗಂಡ ಭೂಮಾಪನ ಇಲಾಖೆಯಲ್ಲಿ ನೆಲ ಅಳೆದು ನಿವೃತ್ತರಾದವರು. ಲೋಟದೊಳಗೆ ಇಣುಕಿ ಗಡಿ ಗುರುತಿಸತೊಡಗಿದರು.

"ಇದು ಕಾಫಿ, ಇದು ನೀರು, ಈ ನಡುವೆ ಇರೋದು ಯಾರ ಬೀಳು ಜಮೀನು?"

"ಕಾಫಿಯಲ್ಲಿರೋ ಆಮ್ಲಕ್ಕೆ ಪ್ರೋಟೀನು ಹೆಪ್ಪುಗಟ್ಟುತ್ತೆ. ಸಹಜ ಕ್ರಿಯೆ. ಕುಡೀರಿ."

"ವಿವರಣೆ ತುಂಬಾ ಚೆನ್ನಾಗಿದೆ. ಅದನ್ನೇ ಕುಡಿಯೋ ಹಾಗಿದ್ದಿದ್ರೆ!"

ನಾದಿನಿ ತನ್ನ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. "ಅತ್ತಿಗೆ, ಹಾಲು ಕುಡಿದ ಮಕ್ಕಳೇ ಬದುಕೋದಿಲ್ವಂತೆ, ಇನ್ನು..."

"ಇನ್ನು?"

"ಏನಿಲ್ಲ ಅತ್ತಿಗೆ. ಗಾದೆ ಮರೆತುಹೋಯ್ತು."

ಒಂದು ವಾರ ಇದೇ ಯುದ್ಧ. ಅಣ್ಣ ತಂಗಿ ಇಬ್ಬರೂ ಔಷಧಿ ಕುಡಿಯುವವರ ಹಾಗೆ ಮೂಗು ಹಿಡಿದು ಕುಡಿಯುವುದು, ಆಮೇಲೆ ಪರಸ್ಪರ ಬೆನ್ನು ಸವರಿಕೊಳ್ಳುವುದು. ಈ ನಡುವೆ ಇನ್ನೊಂದು ಸಮಸ್ಯೆ ಬೆಳೆಯುತ್ತಿತ್ತು: ಹಾಲು ಹಿಂಡಿದ ಮೇಲೆ ಉಳಿಯುವ ಚರಟ. ಪ್ರತಿದಿನ ಒಂದು ಡಬ್ಬ. ಪೌಷ್ಟಿಕವಾದ ವಸ್ತು, ಎಸೆಯಲು ನಾನು ಬಿಡುವುದಿಲ್ಲ. ನಾದಿನಿ ಅದರಲ್ಲಿ ಬಿಸ್ಕತ್ತು ಮಾಡಿದಳು. ಆ ಬಿಸ್ಕತ್ತು ಈಗಲೂ ನಮ್ಮ ಕಪಾಟಿನ ಮುರಿದ ಕಾಲಿನ ಕೆಳಗಿದೆ, ಕಪಾಟು ಅಲುಗಾಡುತ್ತಿಲ್ಲ.

"ರೀ, ಈ ಚರಟಕ್ಕೆ ನೀವೇ ಒಂದು ದಾರಿ ಹುಡುಕಿ," ಎಂದು ಗಂಡನಿಗೆ ಆಜ್ಞೆ ಮಾಡಿದೆ.

ಅವರು ಡಬ್ಬ ಹಿಡಿದು ವಾಕಿಂಗ್ ಹೊರಟರು. ಬರುವಾಗ ಡಬ್ಬ ಖಾಲಿ, ಮುಖದಲ್ಲಿ ಕಳೆ. "ಒಂದು ವ್ಯವಸ್ಥೆ ಆಯ್ತು," ಎಂದರು. ಎಂಥ ವ್ಯವಸ್ಥೆ ಎಂದು ನಾನು ಕೇಳಲಿಲ್ಲ. ತ್ಯಾಜ್ಯ ವಿಲೇವಾರಿ ನನ್ನ ವಿಷಯವಲ್ಲ.

ಅಲ್ಲಿಂದ ಮುಂದೆ ಮನೆಯಲ್ಲಿ ಪವಾಡವೇ ನಡೆಯಿತು. ನಾನು ಏಳುವ ಮೊದಲೇ ಮಿಕ್ಸಿ ಸದ್ದು! ಹಾಸಿಗೆಯಿಂದ ಎಬ್ಬಿಸಲು ಪೊಲೀಸರನ್ನು ಕರೆಯಬೇಕಾದ ನನ್ನ ಗಂಡ ಕಾಳು ರುಬ್ಬುತ್ತಿದ್ದಾರೆ, ನಾದಿನಿ ಮೊಣಕಾಲು ಊರಿ ಚೀಲ ಹಿಂಡುತ್ತಿದ್ದಾಳೆ.

"ಇನ್ನೂ ಸ್ವಲ್ಪ ಜಾಸ್ತಿ ನೆನೆಹಾಕೋಣ ಅತ್ತಿಗೆ. ಸಾಕಾಗ್ತಿಲ್ಲ."

"ನಮ್ಮ ಪಾಲಿನ ಹಾಲು ಫ್ಲಾಸ್ಕಿಗೆ ಹಾಕಿಬಿಡು," ಎಂದು ಗಂಡ. "ವಾಕಿಂಗ್‌ನಲ್ಲಿ ತಾಜಾ ಗಾಳಿ ಕುಡೀತಾ ಕುಡಿದ್ರೆ ಮೈಗೆ ಹತ್ತುತ್ತೆ."

ಈಗ ನಾದಿನಿಯೂ ಅವರ ಜೊತೆ ವಾಕಿಂಗ್ ಹೊರಡುತ್ತಿದ್ದಳು. ಫ್ಲಾಸ್ಕು ಒಂದು ಹನಿಯೂ ಉಳಿಯದೆ ವಾಪಸು ಬರುತ್ತಿತ್ತು. ಗಂಡನ ಕೆನ್ನೆ ತುಂಬಿಕೊಂಡಿತು. ನಾದಿನಿಯ ಕೂದಲು ಮಿನುಗತೊಡಗಿತು. ಪ್ರೋಟೀನು ಎಂದುಕೊಂಡೆ. ನಾನು ಮಾತ್ರ ಅದೇ ಒಡೆದ ಕಾಫಿ ಕುಡಿಯುತ್ತಾ ಸೊರಗುತ್ತಿದ್ದೆ; ಹೊಸ ಸಿದ್ಧಾಂತದ ಭಾರ ಹೊತ್ತವರು ಸೊರಗುವುದು ಇತಿಹಾಸದಲ್ಲಿ ಹೊಸದಲ್ಲ.

ಸಭೆಯ ದಿನ ಬಂತು. ಬೆಳಗಿನ ಚರಟವನ್ನು ನಾನು ಪೂರ್ತಿ ಡಬ್ಬಕ್ಕೆ ತುಂಬಿ ಮುಚ್ಚಳ ಹಾಕಿದೆ.

"ಆ ಡಬ್ಬ ಎಲ್ಲಿಗೆ?" ಗಂಡ ಗಾಬರಿಯಿಂದ ಕೇಳಿದರು.

"ಪ್ರದರ್ಶನಕ್ಕೆ. ಸೋಯಾದಲ್ಲಿ ಬಿಸಾಡೋದು ಏನೂ ಇಲ್ಲ ಅಂತ ಮೇಷ್ಟ್ರಿಗೆ ತೋರಿಸ್ಬೇಕು."

"ಎಲ್ಲಾನೂ ತೋರಿಸ್ಬೇಕಾ? ಅರ್ಧ ಇಲ್ಲಿ ಬಿಡು."

"ಅರ್ಧ ಸಾಕ್ಷ್ಯ ಸಾಕ್ಷ್ಯವಲ್ಲ. ಹೊರಡಿ."

"ಸರಿ, ನೀನು ಮುಂದೆ ಹೋಗಿರು, ನಾನು ವಾಕಿಂಗ್..."

"ವಾಕಿಂಗ್ ಇವತ್ತು ವೇದಿಕೆ ಮೇಲೆ."

ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಘದ ದಾರಿ ಪಕ್ಕದ ಗಲ್ಲಿಯ ಮೇಲೆಯೇ ಹೋಗುತ್ತದೆ. ಕೊಟ್ಟಿಗೆ ದಾಟುವಾಗ ಒಳಗಿನಿಂದ ಹಸು ಒಮ್ಮೆ ದೀರ್ಘವಾಗಿ ಕೂಗಿತು. ನನ್ನ ಗಂಡ ತಲೆ ತಗ್ಗಿಸಿ, ಹೆಜ್ಜೆ ಚುರುಕು ಮಾಡಿದರು. ನಾದಿನಿ ದುಪಟ್ಟಾದಿಂದ ಮುಖ ಮುಚ್ಚಿಕೊಂಡಳು, ಧೂಳು ಎಂದಳು. ಧೂಳೇನೂ ಇರಲಿಲ್ಲ.

ಸಭಾಂಗಣ ತುಂಬಿತ್ತು. ಸಂಘದ ಅಧ್ಯಕ್ಷರು ಹಿಂದೆ ಫುಟ್‌ಬಾಲ್ ರೆಫರಿಯಾಗಿದ್ದವರು. ಸಭೆ ಶುರು ಮಾಡುವುದೂ ಮುಗಿಸುವುದೂ ಸೀಟಿ ಊದಿಯೇ. ಸೀಟಿ ಊದಿದರು. ನಾನು ಮಾತನಾಡಿದೆ. ಇಡೀ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಮಾತನಾಡಿರಲಿಲ್ಲ. ಕೊನೆಗೆ ಗಂಡ ಮತ್ತು ನಾದಿನಿಯನ್ನು ವೇದಿಕೆಗೆ ಕರೆದು, "ಇವರನ್ನು ನೋಡಿ. ಒಂದು ತಿಂಗಳು ಹಸುವಿನ ಹಾಲಿಲ್ಲದೆ ಬೆಳೆದ ಮೈ," ಎಂದೆ. ಚಪ್ಪಾಳೆ ಬಿತ್ತು.

"ಆದರೆ," ಮೇಷ್ಟ್ರು ಎದ್ದರು, "ಕಣ್ಣೆದುರಿಗೆ ಒಂದು ಲೋಟ ಕುಡಿದು ತೋರಿಸ್ಲಿ."

ಮನೆಯಿಂದ ತಂದಿದ್ದ ಸೋಯಾ ಹಾಲನ್ನು ನಾನು ಲೋಟಕ್ಕೆ ತುಂಬಿ ಗಂಡನ ಕೈಗೆ ಕೊಟ್ಟೆ. ಅವರು ಅದನ್ನು ತುಟಿಯ ಬಳಿ ಒಯ್ದರು. ಅಷ್ಟರಲ್ಲಿ ಬಾಗಿಲಲ್ಲಿ ಒಂದು ತಲೆ ಕಾಣಿಸಿತು. ಕೊಂಬಿನ ಸಮೇತ.

ತುಂಡಾದ ಹಗ್ಗ ಎಳೆದುಕೊಂಡು ಹಸು ಒಳಗೆ ಬಂತು. ಕುರ್ಚಿಗಳ ನಡುವಿನ ದಾರಿಯಲ್ಲಿ, ತಡವಾಗಿ ಬಂದ ಮುಖ್ಯ ಅತಿಥಿಯ ಗಾಂಭೀರ್ಯದಿಂದ ನಡೆದು ಬಂತು. ಹಿರಿಯರು ತಂತಮ್ಮ ಕಾಲು ಎತ್ತಿಕೊಂಡರು. ಅಧ್ಯಕ್ಷರು ಸೀಟಿ ಊದಿದರು. ಹಸುವಿಗೆ ನಿಯಮ ಗೊತ್ತಿರಲಿಲ್ಲ. ಅದು ನೇರವಾಗಿ ವೇದಿಕೆಯ ಬಳಿ ಬಂದು ನನ್ನ ಗಂಡನ ಅಂಗೈಯನ್ನು ನೆಕ್ಕಿತು. ಹೊಸಬರ ಕೈಯನ್ನು ಯಾವ ಹಸುವೂ ಹಾಗೆ ನೆಕ್ಕುವುದಿಲ್ಲ. ಆಮೇಲೆ ಮೇಜಿನ ಮೇಲಿನ ಡಬ್ಬದ ಮುಚ್ಚಳವನ್ನು ಮೂಗಿನಿಂದ ತಳ್ಳಿ, ನನ್ನ ಸಾಕ್ಷ್ಯವನ್ನು ತಿನ್ನತೊಡಗಿತು.

ಹಿಂದೆಯೇ ಕರು, ಕರುವಿನ ಹಿಂದೆ ಏದುಸಿರು ಬಿಡುತ್ತಾ ಹಾಲಿನಾಕೆ.

"ಏನ್ ಯಜಮಾನ್ರೇ! ಚರಟ ತರ್ತೀನಿ ಅಂತ ಕಾಯಿಸಿ ಹಿಂಗಾ ಮಾಡೋದು? ಬೆಳಗಿಂದ ಒಂದು ತೊಟ್ಟು ಹಾಲು ಇಳಿಸಿಲ್ಲ ಇದು! ಹಗ್ಗ ಕಿತ್ಕೊಂಡು ವಾಸನೆ ಹಿಡಿದು ಬಂದೈತೆ! ಇವತ್ತು ನಿಮಗೂ ಇಲ್ಲ, ನಿಮ್ಮ ತಂಗಿಗೂ ಇಲ್ಲ ಹಾಲು, ಹೇಳಿದೀನಿ!"

ಇಡೀ ಸಭೆ ನನ್ನ ಗಂಡನ ಕಡೆ ತಿರುಗಿತು. ಹಸು ಮೆಲ್ಲುವ ಸದ್ದು ಮಾತ್ರ.

"ರೀ," ಎಂದೆ ನಾನು.

"ನೋಡು, ನಾವು ಕುಡಿದದ್ದು ಸೋಯಾ ಹಾಲೇ," ಎಂದರು ಗಂಡ, ಲೋಟವನ್ನು ನಿಧಾನವಾಗಿ ಕೆಳಗಿಡುತ್ತಾ. "ಹಸುವಿನ ಮೂಲಕ. ನಿನ್ನ ಮಿಕ್ಸಿಗಿಂತ ಅದು ಚೆನ್ನಾಗಿ ರುಬ್ಬುತ್ತೆ."

"ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ ಹಾಗೆ! ಮತ್ತೆ ಫ್ಲಾಸ್ಕಿನಲ್ಲಿ ತುಂಬಿಕೊಟ್ಟದ್ದು? ಅದು ಎಲ್ಲಿ ಹೋಯ್ತು?"

ನಾದಿನಿ ಕಾಲಿನ ಹೆಬ್ಬೆರಳಿನಿಂದ ವೇದಿಕೆ ಕೆರೆಯುತ್ತಾ ಹೇಳಿದಳು: "ಅದನ್ನ ಕರುಗೆ ಕುಡಿಸ್ತಿದ್ವಿ ಅತ್ತಿಗೆ. ತುಂಬಾ ಇಷ್ಟಪಡುತ್ತೆ. ಅದರ ಹೊಟ್ಟೆ ತುಂಬಿದ್ರೆ ಅದರ ಪಾಲೂ ನಮಗೇ ಉಳೀತಿತ್ತು."

ಕರುವಿನ ಹಕ್ಕಿನ ಬಗ್ಗೆ ನಾನು ಅರ್ಧ ಗಂಟೆ ಮಾತನಾಡಿ ಒಣಗಿದ ಗಂಟಲಿಗೆ ಇನ್ನೂ ನೀರು ಬಿದ್ದಿರಲಿಲ್ಲ.

ಅಧ್ಯಕ್ಷರು ಸೀಟಿ ಊದಿ ತೀರ್ಪಿಗೆ ನಿಂತರು. "ಪಂದ್ಯ ಏನಿತ್ತು? ಮನೆಯವರು ಒಂದು ತಿಂಗಳು ಹಸುವಿನ ಹಾಲು ಬಿಡಬೇಕು. ಮನೆಯಲ್ಲಿ ಮೂವರು. ಬಿಟ್ಟವರು ಯಾರು?"

"ನಾನು," ಎಂದೆ.

"ಮೂವರಲ್ಲಿ ಒಬ್ಬರು. ಫೇಲು."

ವೇದಿಕೆ ನನ್ನ ಕಾಲ ಕೆಳಗಿನಿಂದ ಜಾರತೊಡಗಿತು. ಆಗ ಮೇಷ್ಟ್ರು ಎದ್ದರು. ಅವರ ಕಣ್ಣಿನಲ್ಲಿ ಕರುಣೆ ಇತ್ತು. ಶತ್ರುವಿನ ಕಣ್ಣಿನಲ್ಲಿ ಅದಕ್ಕಿಂತ ಅಸಹ್ಯವಾದದ್ದು ಇನ್ನೊಂದಿಲ್ಲ.

"ಆದರೆ ಅಧ್ಯಕ್ಷರೇ, ಇನ್ನೂ ಒಬ್ಬರು ಬಿಟ್ಟಿದ್ದಾರೆ. ಕರು. ಮೇಡಂ ಮಾಡಿದ ಹಾಲನ್ನೇ ಕುಡಿದು ಬೆಳೆದಿದೆ. ಅದನ್ನೂ ಅವರ ಮನೆಯವರು ಅಂತ ಸೇರಿಸ್ಕೊಂಡ್ರೆ ನಾಲ್ವರಲ್ಲಿ ಇಬ್ಬರು. ಅರ್ಧಕ್ಕರ್ಧ. ಪಾಸ್ ಮಾಡಬಹುದು. ಆದರೆ ಮೇಡಂ ಒಪ್ಪಬೇಕು."

ಇಡೀ ಸಭೆ ನನ್ನನ್ನು ನೋಡಿತು. ಕರುವೂ ನೋಡಿತು. ಅದರ ಮೂತಿಯ ಮೇಲೆ ಚರಟ ಮೆತ್ತಿತ್ತು. ಒಂದು ಕಡೆ ಸತ್ಯ, ಇನ್ನೊಂದು ಕಡೆ ವೇದಿಕೆ. ಇಷ್ಟು ವರ್ಷ ಕಲಿತ ವಿದ್ಯೆಯೆಲ್ಲ ಒಟ್ಟಾಗಿ ಸತ್ಯದ ಪರ ವಾದಿಸಿತು.

"ಕರು ನಮ್ಮ ಮನೆಯದೇ," ಎಂದೆ.

ಸೀಟಿ, ಚಪ್ಪಾಳೆ. ವೇದಿಕೆ ನನ್ನಲ್ಲೇ ಉಳಿಯಿತು. ಮನೆಗೆ ಬರುವವರೆಗೂ ಗಂಡನನ್ನು ಬೈಯುವುದರಲ್ಲೇ ಇದ್ದೆ. ನನ್ನ ಮಾತನ್ನು ಸಭೆಗಿಂತ ಗಂಭೀರವಾಗಿ ತೆಗೆದುಕೊಂಡವಳೊಬ್ಬಳು ಇದ್ದಾಳೆ ಎಂದು ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಅಂಗಳದ ಕಂಬಕ್ಕೆ ಕರು ಕಟ್ಟಿದೆ. ಹಾಲಿನಾಕೆ ಗೇಟಿನಾಚೆ ಹಸುವನ್ನು ಹಿಡಿದು ನಿಂತಿದ್ದಾಳೆ.

"ಇದೇನಿದು?"

"ನಿಮ್ಮ ಮನೆಯವನೇ ಅಂದ್ರಲ್ಲ ಮೇಡಮ್ಮ, ಅಷ್ಟು ಜನರ ಮುಂದೆ! ಇಟ್ಕೊಳ್ಳಿ. ನನ್ನ ಕೊಟ್ಟಿಗೇಲಿ ಜಾಗಾನೂ ಇಲ್ಲ. ತಾಯಿನ ದಿನಾ ಕರ್ಕೊಂಬರ್ತೀನಿ. ಕರು ಕಾಣ್ದೆ ಇದ್ರೆ ಅದು ಹಾಲು ಇಳಿಸೋದಿಲ್ಲ."

ಹೀಗಾಗಿ ಹಾಲು ಕರೆಯುವ ಕೆಲಸ ಈಗ ದಿನಾ ನಮ್ಮ ಅಂಗಳದಲ್ಲೇ. ಕರು ಬೇರೆಯವರ ಮಾತು ಕೇಳುವುದಿಲ್ಲ. ಸೋಯಾ ಹಾಲಿನ ಪಾತ್ರೆ ಹಿಡಿದು ನಾನೇ ನಿಂತರೆ ಮಾತ್ರ ಅಲುಗಾಡದೆ ಕುಡಿಯುತ್ತದೆ. ಹಾಗಾಗಿ ಬೆಳಕು ಹರಿಯುವ ಹೊತ್ತಿಗೆ ನಾನು ಕಾಳು ರುಬ್ಬಿ, ಹಿಂಡಿ, ಕುದಿಸಿ, ಆರಿಸಿ, ಪಾತ್ರೆ ಹಿಡಿದು ಹಸುವಿನ ಮುಂದೆ ಬಗ್ಗಿ ನಿಲ್ಲುತ್ತೇನೆ. ನಾದಿನಿ ಒಳಗೆ ಕಾಫಿಗೆ ನೀರಿಡುತ್ತಾಳೆ. ನನ್ನ ಗಂಡ ಖಾಲಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕುಳಿತು ಮೇಲ್ವಿಚಾರಣೆ ಮಾಡುತ್ತಾರೆ.

ಇವತ್ತು ಬೆಳಿಗ್ಗೆ ಅಲ್ಲಿಂದಲೇ ಕೂಗಿದರು:

"ಸ್ವಲ್ಪ ಆ ಕಡೆ ಸರಿ. ನೀನು ಅಡ್ಡ ನಿಂತ್ರೆ ತಾಯಿಗೆ ಮಗು ಕಾಣಿಸೋದಿಲ್ಲ."

ನಾನು ಸರಿದು ನಿಂತೆ.