ಐವತ್ತು ನಿಮಿಷದ ರಾಯಭಾರ

ನಾನು ಹೋದ ಒಂದು ಕಾರ್ಯಕ್ರಮವೂ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾದ ಹಾಗೆ ನಡೆದದ್ದಿಲ್ಲ. ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ, ನನ್ನ ಹತ್ತಿರ ದಾಖಲೆ ಉಂಟು. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದುವಾಗ ಒಣಗಿಸಿ ಅಂಟಿಸಿದ ಪ್ರತಿ ಎಲೆಯ ಕೆಳಗೆ ಹೆಸರು, ಸಿಕ್ಕಿದ ಜಾಗ, ದಿನ ಬರೆಯುವ ಅಭ್ಯಾಸವಾಯಿತು. ಮೂರು ಮಕ್ಕಳನ್ನು ಓದಿಸಿ ಐದು ಮೊಮ್ಮಕ್ಕಳ ಅಜ್ಜಿಯಾದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಈಗ ಎಲೆಗಳ ಬದಲು ಕಾರ್ಯಕ್ರಮಗಳು. ಹೇಳಿದ ಹೊತ್ತು, ಶುರುವಾದ ಹೊತ್ತು, ವೇದಿಕೆಯಲ್ಲಿ ಎಷ್ಟು ಜನ, ಕೆಳಗೆ ಎಷ್ಟು ಜನ, ತಿನ್ನಲಿಕ್ಕೆ ಎಂತ ಕೊಟ್ಟರು. ಇಷ್ಟನ್ನೂ ಒಂದು ಪುಸ್ತಕದಲ್ಲಿ ಗೆರೆ ಎಳೆದು ಬರೆಯುತ್ತೇನೆ.

ಕಳೆದ ವರ್ಷ ನಮ್ಮಲ್ಲಿ ಏಳು ದಿನದ ಕಲಾ ಸಪ್ತಾಹ ನಡೆಯಿತು. ಉಡುಪಿಯಲ್ಲಿ ಆರಂಭ, ನಡುವೆ ಮಣಿಪಾಲ, ಕಾಪು, ಕಾರ್ಕಳ, ಪುನಃ ಉಡುಪಿಯಲ್ಲಿ ಸಮಾರೋಪ. ಏಳೂ ದಿನ ತಪ್ಪದೆ ಹೋದೆ, ಯಾಕೆಂದರೆ ಕೊನೆಯ ದಿನ ಮಧ್ಯಾಹ್ನ ಮೂರಕ್ಕೆ ನಮ್ಮ ಮಹಿಳಾ ಮಂಡಳಿಯ ತಾಳಮದ್ದಳೆ ಇತ್ತು. ಅಲ್ಲಿಯವರೆಗೆ ಮಂಡಳಿಗೆ ಸಿಕ್ಕಿದ್ದು ಎರಡೇ ಕೆಲಸ: ಪ್ರಾರ್ಥನೆ ಹಾಡುವುದು, ಸನ್ಮಾನದ ಹರಿವಾಣ ಹಿಡಿದು ನಿಲ್ಲುವುದು. ಸಮಿತಿಯ ಅಧ್ಯಕ್ಷರ ಮನೆಗೆ ಮೂರು ಸಲ ಹೋಗಿ ಕೂತ ಮೇಲೆ ಅವರು ಐವತ್ತು ನಿಮಿಷ ಕೊಟ್ಟರು.

"ಅಕ್ಕ, ಐವತ್ತು ಎಂದರೆ ಐವತ್ತೂ ತುಂಬಬೇಕು. ಕಾಲು ಗಂಟೆಗೆ ಮಂಗಳ ಹಾಡಿ ಎದ್ದರೆ ಮುಂದಿನ ವರ್ಷದಿಂದ ಪುನಃ ಹರಿವಾಣ" ಎಂದರು.

ಅದನ್ನೂ ಬರೆದುಕೊಂಡೆ. ದಿನಾಂಕ ಹಾಕಿ ಅವರ ಸಹಿ ಕೇಳಿದೆ. ಅವರು ಕಾಫಿ ತರಿಸಿದರು.

ಉದ್ಘಾಟನೆಯ ಫೋಟೊ

ಮೊದಲ ದಿನ ಹತ್ತು ಗಂಟೆ ಎಂದು ಹಾಕಿದ್ದರು. ಶುರುವಾದದ್ದು ಹನ್ನೊಂದೂಕಾಲಿಗೆ. ವೇದಿಕೆಯಲ್ಲಿ ಹದಿನೇಳು ಜನ, ಕೆಳಗೆ ನನ್ನನ್ನು ಸೇರಿಸಿ ಹದಿನಾಲ್ಕು. ಹದಿನೇಳು ಮಂದಿಯೂ "ಎರಡೇ ಮಾತು" ಎಂದು ಆರಂಭಿಸಿದರು.

ಪತ್ರಿಕೆಯ ಫೋಟೊಗ್ರಾಫರ್ ಬಂದಾಗ ಅಧ್ಯಕ್ಷರಿಗೆ ಚಿಂತೆಯಾಯಿತು. ಖಾಲಿ ಕುರ್ಚಿಗಳ ಚಿತ್ರ ಬಂದರೆ ಮರ್ಯಾದೆ ಹೋಗುವುದಿಲ್ಲವಾ? ಅವರು ಮೈಕಿನಲ್ಲೇ ವಿನಂತಿ ಮಾಡಿದರು: "ಗಣ್ಯರು ದಯವಿಟ್ಟು ಒಂದು ನಿಮಿಷ ಕೆಳಗೆ ಬಂದು ಎದುರಿನ ಸಾಲಿನಲ್ಲಿ ಕೂರಬೇಕು."

ಎಲ್ಲರೂ ಇಳಿದರು. ಅಧ್ಯಕ್ಷರೂ ಇಳಿದರು. ಹೆಗಲಿಗೆ ಶಾಲು ಹೊದ್ದುಕೊಂಡು, ವೇದಿಕೆಯ ಕಡೆ ನೋಡುತ್ತ, ಬಹಳ ಆಸಕ್ತಿಯಿಂದ ಚಪ್ಪಾಳೆ ತಟ್ಟಿದರು. ಫೋಟೊಗ್ರಾಫರ್ ಸಭೆಯದ್ದೊಂದು ಚಿತ್ರ ತೆಗೆದ. ತಿರುಗಿ ವೇದಿಕೆಯದ್ದೂ ಒಂದು ತೆಗೆದ. ಇನ್ನೊಂದು ಕಾರ್ಯಕ್ರಮಕ್ಕೆ ಹೊತ್ತಾಯಿತೆಂದು ಹೋಗಿಬಿಟ್ಟ.

ಮರುದಿನ ಪತ್ರಿಕೆಯಲ್ಲಿ ಹದಿನೇಳು ಖಾಲಿ ಕುರ್ಚಿಗಳ ದೊಡ್ಡ ಚಿತ್ರ. ಅದರ ಕೆಳಗೆ ಹದಿನೇಳು ಹೆಸರು, ಎಡದಿಂದ ಬಲಕ್ಕೆ.

ಮಣಿಪಾಲದ ಹಾಸಿಗೆ

ಮೂರನೆಯ ದಿನ ಮಣಿಪಾಲದಲ್ಲಿ ವಿದ್ಯಾರ್ಥಿಗಳ ಕಲಾ ಪ್ರದರ್ಶನ. ನನ್ನ ಜೊತೆ ಪಕ್ಕದ ಮನೆಯ ಸಿಸ್ಟರ್ ಬಂದಿದ್ದರು. ಸಿಸ್ಟರ್ ಎಂದರೆ ಕಾನ್ವೆಂಟಿನವರಲ್ಲ, ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು. ಮನೆಮಾತು ಕೊಂಕಣಿ, ಆದಿತ್ಯವಾರ ಬೆಳಿಗ್ಗೆ ಇಗರ್ಜಿಯ ಪ್ರಾರ್ಥನೆ, ಉಳಿದ ಹೊತ್ತೆಲ್ಲ ಯಕ್ಷಗಾನ. ನಮ್ಮ ತಾಳಮದ್ದಳೆಯಲ್ಲಿ ರಾಜನ ಪಾತ್ರ ಅವರದ್ದೇ.

ಕೋಣೆಯ ನಡುವೆ ಒಂದು ಆಸ್ಪತ್ರೆಯ ಮಂಚ ಇಟ್ಟಿದ್ದರು. ಚಾದರ ಮುದ್ದೆಯಾಗಿ ನೆಲಕ್ಕೆ ಇಳಿದಿತ್ತು, ದಿಂಬು ಅಡ್ಡ ಬಿದ್ದಿತ್ತು. ಪಕ್ಕದಲ್ಲಿ ಕೃತಿಯ ಹೆಸರು ಬರೆದ ಚೀಟಿ: "ಗೊಂದಲ". ನಾನು ಅದನ್ನು ಪುಸ್ತಕಕ್ಕೆ ಇಳಿಸಿ ತಲೆ ಎತ್ತುವಷ್ಟರಲ್ಲಿ ಸಿಸ್ಟರ್ ಸುತ್ತ ಕಟ್ಟಿದ್ದ ಹಗ್ಗ ದಾಟಿ ಒಳಗೆ ಹೋಗಿದ್ದರು. ಚಾದರ ಕೊಡವಿ, ನಾಲ್ಕೂ ಮೂಲೆ ಲಕೋಟೆಯ ಹಾಗೆ ಮಡಚಿ ಒಳಗೆ ತುರುಕಿ, ದಿಂಬಿಗೆ ಎರಡು ಪೆಟ್ಟು ಕೊಟ್ಟು ನೇರ ಇಟ್ಟರು.

ಕಲಾವಿದೆ ಓಡಿ ಬಂದಳು. ಪುಣೆ ಕಡೆಯ ಹುಡುಗಿ, ಕನ್ನಡ ಈಗಷ್ಟೇ ಕಲಿಯುತ್ತಿದ್ದಳು. "ಆಂಟಿ, ಅದು ಹಾಗೇ ಇರಬೇಕು. ನಾನು ಮೂರು ದಿನ ಕೂತು ಮಾಡಿದ್ದು."

"ಮೂರು ದಿನ?" ಎಂದರು ಸಿಸ್ಟರ್. "ಮೂರು ದಿನ ಚಾದರ ಬದಲಿಸಲಿಲ್ಲವಾ ನೀನು? ನಿನ್ನ ವಾರ್ಡಿನ ಇನ್‌ಚಾರ್ಜ್ ಯಾರು?"

ಹುಡುಗಿ ಹೆದರಿ ತನ್ನ ಪ್ರೊಫೆಸರರ ಹೆಸರು ಹೇಳಿದಳು. ಪ್ರೊಫೆಸರ್ ಬಂದರು, ಮಂಚದ ಸುತ್ತ ಎರಡು ಸುತ್ತು ಹಾಕಿದರು, ಗಡ್ಡ ಸವರಿಕೊಂಡರು. ಆಮೇಲೆ ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅಲ್ಲೇ ಬರೆದುಕೊಂಡೆ: ಈಗ ಗೊಂದಲ ನೋಡುವವರ ಮನಸ್ಸಿಗೆ ಹೋಗಿದೆ, ಹೀಗೇ ಬಿಡು.

ಕಾಪುವಿನ ಗಾಳಿ

ಮಾರನೆಯ ದಿನ ಕಾಪುವಿನಲ್ಲಿ, ದೀಪಸ್ತಂಭದ ಹತ್ತಿರ ಮರಳ ಮೇಲೆ ಕವಿಗೋಷ್ಠಿ. ಕಡಲ ಬದಿಯಲ್ಲಿ ಬಿಡಿ ಹಾಳೆ ಹಿಡಿದು ಕವಿತೆ ಓದುವುದು ಎಂದರೆ ಏನೆಂದು ಯಾರಾದರೂ ಒಬ್ಬ ಮೀನುಗಾರನನ್ನು ಕೇಳಿದ್ದರೆ ಹೇಳುತ್ತಿದ್ದ. ಸಮಿತಿಯವರು ಕೇಳಲಿಲ್ಲ.

ಎರಡನೆಯ ಕವಿತೆಯ ಹೊತ್ತಿಗೆ ಒಂದು ಗಾಳಿ ಬಂತು. ಮೇಜಿನ ಮೇಲಿದ್ದ ಎಲ್ಲರ ಕವಿತೆಗಳೂ ಒಟ್ಟಿಗೆ ಎದ್ದವು. ಕವಿಗಳು ಓಡಿದರು, ನಾವೂ ಓಡಿದೆವು, ಚರುಮುರಿ ಮಾರುವವನೂ ಓಡಿದ. ಸಿಕ್ಕಿದ್ದನ್ನು ಎಲ್ಲರಿಗೂ ಹಂಚಿದ್ದಾಯಿತು. ಮುಂದಿನ ಸರದಿ ಒಬ್ಬ ಕವಯಿತ್ರಿಯದು. ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದ ಅವರು ಹಾಳೆಯನ್ನು ದೂರ ಹಿಡಿದು, ಅವ್ವನ ಸೆರಗಿನಿಂದ ಶುರು ಮಾಡಿ, ಹಾಳೆ ತಿರುಗಿಸಿದೊಡನೆ ಟ್ರಾಲ್ ಬೋಟಿನ ಡೀಸೆಲ್ ವಾಸನೆಗೆ ಬಂದರು. ನಿಲ್ಲಿಸಲಿಲ್ಲ. ಒಳ್ಳೆಯ ಚಪ್ಪಾಳೆ ಬಿತ್ತು.

ನನ್ನ ಪಕ್ಕ ಕೂತಿದ್ದ ಹಿರಿಯ ಕವಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. "ಡೀಸೆಲ್ಲಿನ ಭಾಗ ಕೇಳಿದಿರಾ ಅಕ್ಕ? ಇಂಥದ್ದು ನನ್ನಿಂದ ಸಾಧ್ಯವಿಲ್ಲ."

ಸ್ವಲ್ಪ ಹೊತ್ತಿನಲ್ಲಿ ಅವರ ಸರದಿ ಬಂತು. ಮೈಕಿನ ಎದುರು ನಿಂತು ಹಾಳೆ ಎಣಿಸಿದರು. ತಮ್ಮ ಬೋಟಿನ ಕವಿತೆಯ ಎರಡನೆಯ ಪುಟ ಇರಲಿಲ್ಲ.

ಯಾವ ಮಗುವಿನವರು

ಕಾರ್ಕಳದಲ್ಲಿ ಮಕ್ಕಳ ನೃತ್ಯ. ಮೂವತ್ತೊಂದು ಮಕ್ಕಳು, ಒಬ್ಬೊಬ್ಬರಿಗೆ ಐದು ನಿಮಿಷ. ನಾವು ಹೋದಾಗ ಸಭಾಂಗಣ ತುಂಬಿ ಜನ ಬಾಗಿಲಲ್ಲಿ ನಿಂತಿದ್ದರು. ಇಷ್ಟು ಜನ ನಮಗೂ ಬಂದರೆ ಎಂದು ಸಿಸ್ಟರ್ ಆಸೆಪಟ್ಟರು.

ಆಮೇಲೆ ನಾನೊಂದು ಲೆಕ್ಕ ಗಮನಿಸಿದೆ. ಒಂದು ಮಗು ಕುಣಿದು ಮುಗಿಸಿದೊಡನೆ ಅಪ್ಪ, ಅಮ್ಮ, ಎರಡು ಕಡೆಯ ಅಜ್ಜ ಅಜ್ಜಿ, ವಿಡಿಯೊ ಮಾಡಿದ ಮಾವ, ಒಟ್ಟು ಏಳೆಂಟು ಜನ ಎದ್ದು ಹೋಗುತ್ತಾರೆ. ಇಪ್ಪತ್ತನೆಯ ಮಗುವಿನ ಹೊತ್ತಿಗೆ ಕಾಲು ಚಾಚಿ ಕೂರಬಹುದಿತ್ತು. ಮೂವತ್ತೊಂದನೆಯ ಮಗು ಬಂದಾಗ ಕೆಳಗೆ ಅವಳ ಮನೆಯವರು, ಮತ್ತು ನಾವಿಬ್ಬರು.

ಅವಳ ಅಜ್ಜಿ ಹಿಂದೆ ತಿರುಗಿ ಕೇಳಿದರು, "ನೀವು ಯಾವ ಮಗುವಿನವರು?"

"ಯಾವ ಮಗುವಿನವರೂ ಅಲ್ಲ. ನೃತ್ಯ ನೋಡಲಿಕ್ಕೆ ಬಂದದ್ದು" ಎಂದೆ.

ಅಜ್ಜಿ ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. ಕುರ್ಚಿಯ ಮೇಲಿದ್ದ ತಮ್ಮ ಬ್ಯಾಗನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು.

ರಾಜ ಒಪ್ಪಿಕೊಂಡದ್ದು

ಆದಿತ್ಯವಾರ ಬಂತು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಎದುರುಬದುರು ಕೂತವರು ಆ ಪಾತ್ರವಾಗಿ ಅದರ ಅರ್ಥ ಬೆಳೆಸಬೇಕು, ವಾದ ಮಾಡಬೇಕು. ಬರೆದುಕೊಟ್ಟ ಮಾತು ಇರುವುದಿಲ್ಲ, ಆಗಲೇ ಹುಟ್ಟಬೇಕು. ನಾವು ಆರಿಸಿದ್ದು ಸಂಧಾನದ ಪ್ರಸಂಗ. ವನವಾಸ ಮುಗಿಸಿದ ದಾಯಾದಿಗಳ ಪರವಾಗಿ ರಾಯಭಾರಿ ಬಂದು ಅರ್ಧ ರಾಜ್ಯ ಕೇಳುತ್ತಾನೆ, ರಾಜ ಕೊಡುವುದಿಲ್ಲ, ಯುದ್ಧ ನಿಶ್ಚಯವಾಗುತ್ತದೆ. ರಾಯಭಾರಿ ನಾನು. ಹದಿನೆಂಟು ಪುಟ ಟಿಪ್ಪಣಿ ಮಾಡಿಕೊಂಡಿದ್ದೆ.

ಮೂರು ಗಂಟೆಗೆ ಸರಿಯಾಗಿ ಶುರು ಮಾಡಿದೆವು. ಆ ಸಪ್ತಾಹದಲ್ಲಿ ಹೇಳಿದ ಹೊತ್ತಿಗೆ ಶುರುವಾದದ್ದು ಅದೊಂದೇ. ಅಧ್ಯಕ್ಷರು ಎದುರಿನ ಸಾಲಿನಲ್ಲಿ ವಾಚು ಬಿಚ್ಚಿ ಕೈಯಲ್ಲಿ ಹಿಡಿದು ಕೂತರು.

ನಾನು ಮಾತಾಡಿದೆ. ನಾನೇ ಹೇಳಬಾರದು, ಆದರೆ ಚೆನ್ನಾಗಿಯೇ ಮಾತಾಡಿದೆ. ಹನ್ನೆರಡು ವರ್ಷ ಕಾಡಿನಲ್ಲಿ ಅವರು ತಿಂದ ಗೆಡ್ಡೆ ಎಂತೆಂತದ್ದು ಎಂದು ಸಸ್ಯಶಾಸ್ತ್ರದ ಪ್ರಕಾರ ಹೇಳಿದೆ. ಮಳೆಯಲ್ಲಿ ಸೋರುವ ಗುಡಿಸಲು, ಚಳಿಜ್ವರ, ಊರಿನಲ್ಲಿ ಮಕ್ಕಳ ದಾರಿ ಕಾಯುವ ವಯಸ್ಸಾದ ತಾಯಿ. ಎದುರು ಕೂತ ರಾಜನ ಕಣ್ಣು ಒದ್ದೆಯಾಯಿತು.

ಭಾಗವತರು, ರಾಜ ಕೊಡುವುದಿಲ್ಲ ಎನ್ನುವ ಪದ ಹಾಡಿದರು. ಸಿಸ್ಟರ್ ಮೈಕ್ ಹತ್ತಿರಕ್ಕೆ ಎಳೆದುಕೊಂಡರು. "ಅಯ್ಯಾ ರಾಯಭಾರಿ, ಇಷ್ಟು ಕಷ್ಟ ಆಗಿದೆ ಎಂದು ನನಗೆ ಯಾರೂ ಹೇಳಲೇ ಇಲ್ಲ. ಅರ್ಧ ರಾಜ್ಯ ತೆಗೆದುಕೊಂಡು ಹೋಗಿ. ತಾಯಿಯನ್ನು ಮೊದಲು ಯಾರಾದರೂ ಡಾಕ್ಟರಿಗೆ ತೋರಿಸಿ."

ಹದಿನಾಲ್ಕು ನಿಮಿಷ ಆಗಿತ್ತು.

ಮದ್ದಳೆಯವರ ಕೈ ಗಾಳಿಯಲ್ಲೇ ನಿಂತಿತು. ಭಾಗವತರು ಗಂಟಲು ಸರಿಮಾಡಿ ಅದೇ ಪದ ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹಾಡಿದರು. ಸಿಸ್ಟರ್ ಅವರ ಕಡೆ ಕೈಮುಗಿದು, "ಭಾಗವತರು ಹಾಗೆ ಹೇಳಬಹುದು, ನನ್ನ ಮನಸ್ಸು ಒಪ್ಪುವುದಿಲ್ಲ" ಎಂದರು.

ನಾನು ಬಗ್ಗಿ ಪಿಸುಗುಟ್ಟಿದೆ. "ಎಂತ ಮಾಡ್ತಿದ್ದೀರಿ ಮಾರಾಯ್ತಿ, ಕೊಡಬಾರದು."

"ಅಷ್ಟು ಚೆನ್ನಾಗಿ ಹೇಳಿದ ಮೇಲೆ ಇಲ್ಲ ಎನ್ನಲಿಕ್ಕೆ ನಾನೇನು ಕಲ್ಲಾ?" ಎಂದು ಅವರೂ ಪಿಸುಗುಟ್ಟಿದರು. ಎರಡೂ ಮೈಕಿನಲ್ಲಿ ಹೋಯಿತು.

ಸಭೆ ನಗುತ್ತಿತ್ತು. ಅಧ್ಯಕ್ಷರು ವಾಚು ಕಟ್ಟಿಕೊಳ್ಳಲು ಶುರು ಮಾಡಿದರು. ಇನ್ನೂ ಮೂವತ್ತೈದು ನಿಮಿಷ ಇತ್ತು, ನನ್ನ ಕಣ್ಣೆದುರು ಹರಿವಾಣ ಬಂತು. ನಾನು ಬೆನ್ನು ನೆಟ್ಟಗೆ ಮಾಡಿದೆ.

"ಮಹಾರಾಜ, ಸಂತೋಷ. ಅರ್ಧ ಎಂದರೆ ಯಾವ ಅರ್ಧ?"

"ನಿಮಗೆ ಬೇಕಾದ ಅರ್ಧ."

"ಬಾವಿ ಯಾರ ಪಾಲಿಗೆ?"

ರಾಜ ಒಂದು ಕ್ಷಣ ಯೋಚಿಸಿದರು. "ಬಾವಿ ನಮಗೇ ಇರಲಿ. ಅವರು ಬಂದು ನೀರು ಸೇದಬಹುದು."

"ಸೇದಲಿಕ್ಕೆ ಬರುವ ದಾರಿ?"

"ಅಂಗಳದ ಬದಿಯಿಂದ ಒಬ್ಬರು ನಡೆಯುವಷ್ಟು ಬಿಡುವ."

"ಐದು ಜನರಿಗೂ ರಥ ಉಂಟು, ಮಹಾರಾಜ. ರಥ ಹೋಗುವಷ್ಟು ದಾರಿ ಬೇಕು."

"ರಥವಾ?" ಎಂದರು ಸಿಸ್ಟರ್. ಧ್ವನಿ ಬದಲಾಯಿತು. "ನನ್ನ ಅಂಗಳದಲ್ಲಿ ರಥವಾ? ಅದು ಆಗುವುದಿಲ್ಲ. ಇವತ್ತು ರಥ ಎನ್ನುತ್ತಾರೆ, ನಾಳೆ ಲಾರಿ ತರುತ್ತಾರೆ."

ಸಭೆ ಗಂಭೀರವಾಯಿತು. ನಮ್ಮ ಜಿಲ್ಲೆಯಲ್ಲಿ ದಾರಿಯ ತಕರಾರಿಲ್ಲದ ಕುಟುಂಬ ಯಾವುದುಂಟು? ಹಿಂದಿನ ಸಾಲಿನಿಂದ ಯಾರೋ "ಕೊಡಬೇಡಿ, ಬೇಲಿ ಹಾಕಿ" ಎಂದರು. ಇನ್ನೊಬ್ಬರು "ದಾರಿ ಕೊಡದಿದ್ದರೆ ಕೋರ್ಟಿಗೆ ಹೋಗಿ ಅಕ್ಕ" ಎಂದು ನನಗೆ ಹೇಳಿಕೊಟ್ಟರು. ಭಾಗವತರು ತಾಳ ಕೆಳಗಿಟ್ಟು ಗಲ್ಲಕ್ಕೆ ಕೈ ಕೊಟ್ಟು ಕೂತರು. ನಾನು ಗಡಿಯಲ್ಲಿರುವ ಹಲಸಿನ ಮರದ ಮಾತು ತೆಗೆದೆ. ಕೊಂಬೆ ಆಚೆ ಇದ್ದರೆ ಹಣ್ಣು ಯಾರದ್ದು ಎಂಬುದಕ್ಕೇ ಹದಿನಾರು ನಿಮಿಷ ಹೋಯಿತು. ಬೀಳುವ ಎಲೆ ಗುಡಿಸುವುದು ಯಾರು ಎಂದು ಕೇಳಿದಾಗ ರಾಜ ಕುರ್ಚಿಯಿಂದ ಎದ್ದೇಬಿಟ್ಟರು.

"ಒಂದು ಸೆಂಟ್ಸ್ ಜಾಗ ಇಲ್ಲ. ಬಾವಿ ಇಲ್ಲ, ದಾರಿ ಇಲ್ಲ, ಹಲಸೂ ಇಲ್ಲ. ಯುದ್ಧಕ್ಕೆ ಬರಲಿಕ್ಕೆ ಹೇಳಿ."

ಭಾಗವತರು ಉಸಿರು ಬಿಟ್ಟು ಪದ ಎತ್ತಿದರು, ಚೆಂಡೆಗೆ ಪೆಟ್ಟು ಬಿತ್ತು. ಅರುವತ್ತೆರಡು ನಿಮಿಷ ಆಗಿತ್ತು. ಅಧ್ಯಕ್ಷರು ಮೇಲೆ ಬಂದು, "ಮುಂದಿನ ವರ್ಷ ಸಂಜೆ ಆರಕ್ಕೆ ನಿಮ್ಮದೇ, ಒಂದೂವರೆ ಗಂಟೆ" ಎಂದರು. ಈ ಸಲ ಕೇಳುವ ಮೊದಲೇ ಸಹಿ ಹಾಕಿದರು.

ಇಳಿದು ಬರುವಾಗ ಇನ್ನಂಜೆಯಿಂದ ಬಂದಿದ್ದ ಒಬ್ಬ ಅಜ್ಜ, ಎಂಬತ್ತು ದಾಟಿದವರು, ಕೋಲೂರಿಕೊಂಡು ಎದುರು ಬಂದರು. ಹೊಗಳುತ್ತಾರೆ ಎಂದು ನಾನು ಪೆನ್ನು ತೆಗೆದೆ.

"ಸಣ್ಣ ಪ್ರಾಯದಿಂದ ಈ ಪ್ರಸಂಗ ಕೇಳ್ತಾ ಬಂದಿದ್ದೇನೆ" ಎಂದರು. "ಒಮ್ಮೆಯಾದರೂ ಆ ರಾಜನಿಗೆ ಒಳ್ಳೆಯ ಬುದ್ಧಿ ಬರಲಿ, ಯುದ್ಧ ತಪ್ಪಲಿ ಎಂದು ಪ್ರತಿ ಸಲ ದೇವರಿಗೆ ಕೈಮುಗಿಯುತ್ತಿದ್ದೆ. ಇವತ್ತು ಬಂತು. ಹದಿನಾಲ್ಕೇ ನಿಮಿಷಕ್ಕೆ ಒಪ್ಪಿಕೊಂಡ. ಅದನ್ನೂ ನೀವು ಬಿಡಲಿಲ್ಲ ಅಲ್ವಾ ಅಕ್ಕ?"